ಏಕಾದಶಿಯ ಜಗಲಿ

ತ್ರಿಪ್ಲಿಕೇನಿನಲ್ಲಿ ಜಾನಕಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೆಸ್ ಮಾಮಿ ಎಂದರೆ ಮಾತ್ರ ಆಟೋದವನು ಬಾಗಿಲಿಗೇ ತಂದು ಬಿಡುತ್ತಿದ್ದ. ಅವಳು ನನ್ನ ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡ ಮೇಲೆ ಕಾಲೇಜು ಹುಡುಗರಿಗೂ ಲಾಡ್ಜಿನಲ್ಲಿದ್ದ ಆಫೀಸಿನವರಿಗೂ ಊಟ ಹಾಕಿಯೇ ಮನೆ ನಡೆಸಿದಳು, ನನ್ನನ್ನೂ ಓದಿಸಿದಳು. ಬೇರೆ ಆದಾಯವೇ ಇರಲಿಲ್ಲ. ಈಗ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಆ ಕಡೆ ಹೋದಾಗಲೆಲ್ಲ ನಾನು ಸಾರಿನ ಘಮ ಹುಡುಕುತ್ತ ನಿಲ್ಲುತ್ತೇನೆ. ಅಂಗಡಿಯವರು ಚಾರ್ಜರ್ ಬೇಕಾ ಮೇಡಂ ಎನ್ನುತ್ತಾರೆ.

ದೊಡ್ಡಮ್ಮನಿಗೆ ಒಂದು ಹುಚ್ಚಿತ್ತು. ಎಲೆಯ ಮುಂದೆ ಕೂತ ವಿದ್ಯಾರ್ಥಿ ಯಾರೇ ಆಗಲಿ, ಸಾರು ಬಡಿಸುತ್ತ, "ಓದಿ ಏನ್ಮಾಡ್ತೀಯೋ?" ಎಂದು ಕೇಳುವಳು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಎಲ್ಲರ ಬಾಯಲ್ಲೂ ಕಂಪ್ಯೂಟರ್ ಕೋರ್ಸು, ಬ್ಯಾಂಕ್ ಪರೀಕ್ಷೆ.

"ಇನ್ನೊಬ್ಬರ ಮುಂದೆ ಕೈ ಕಟ್ಟಿ ನಿಲ್ಲೋದಕ್ಕೆ ಇಷ್ಟು ಓದಬೇಕೇನೋ? ನೀನೇ ಏನಾದ್ರೂ ಶುರು ಮಾಡಪ್ಪಾ. ಜಾಗ ಇಲ್ವಾ? ನನ್ನ ಜಗಲಿ ಏಕಾದಶಿ ದಿನ ಸುಮ್ನೆ ತಾನೇ ಬಿದ್ದಿರತ್ತೆ!"

ನಮ್ಮದು ಮಾಧ್ವರ ಮನೆ. ಏಕಾದಶಿ ಎಂದರೆ ಒಲೆ ಹಚ್ಚುವ ಮಾತೇ ಇಲ್ಲ, ಮೆಸ್ಸಿಗೂ ರಜ. ಆ ದಿನ ಜಗಲಿ ವಿದ್ಯಾರ್ಥಿಗಳದು. ಊರ್ಮಿಳಾ ಎಂಬ ಹುಡುಗಿ ಬಟ್ಟೆಚೀಲ ಹೊಲಿದು ತಂದು ಮಾರಿದಳು. ಆಮೇಲೆ ಪುರಸೈವಾಕ್ಕಂನಲ್ಲಿ ಅಂಗಡಿಯನ್ನೇ ಇಟ್ಟಳು. ಕೆಲವರು ವ್ಯಾಪಾರವಾಗದೆ ಮಧ್ಯಾಹ್ನಕ್ಕೇ ಗಂಟುಮೂಟೆ ಕಟ್ಟಿದ್ದೂ ಉಂಟು. ಏನು ಮಾರಬೇಕೆಂದು ದೊಡ್ಡಮ್ಮ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಉಪವಾಸದ ಹೊಟ್ಟೆಯಲ್ಲಿ ಕಿಟಕಿಯ ಬಳಿ ಕೂತು ನೋಡುತ್ತಿದ್ದಳು, ಅಷ್ಟೆ.

ಅವರಲ್ಲಿ ಕುಂದಾಪುರದ ಕಡೆಯ ರೂಪೇಶನೂ ಒಬ್ಬ. ಬಿ.ಕಾಂ. ಓದುತ್ತಿದ್ದ, ಮಾತಾಡಿದರೆ ಮುತ್ತು ಉದುರೀತು ಎನ್ನುವ ಜಾತಿ. ಅವನ ಮಾವ ಕಿಟ್ಟಣ್ಣ ಯಾವುದೋ ದೊಡ್ಡ ಹೋಟೆಲಿನಲ್ಲಿ ಮ್ಯಾನೇಜರ್. ಓದು ಮುಗಿದರೆ ಅಲ್ಲೇ ಗಲ್ಲಾದಲ್ಲಿ ಕೂರುವುದೆಂದು ಮನೆಯವರು ನಿಶ್ಚಯಿಸಿಬಿಟ್ಟಿದ್ದರು. ಅವನಿಗೋ ತನ್ನದೇ ಒಂದು ಊಟದ ಮನೆ ಮಾಡುವ ಆಸೆ.

ಮೊದಲ ಏಕಾದಶಿಗೆ ಅವನು ಏನು ತಂದ ಗೊತ್ತೇ? ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ! ಮಾಮಿಯ ಜಗಲಿಯಲ್ಲವೇ, ಹರಿದಿನವಲ್ಲವೇ, ಫಲಾಹಾರವೇ ಇರಲಿ ಎಂಬ ಭಕ್ತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೆಸ್ಸಿನ ಗಿರಾಕಿಗಳು ಬಂದು ಇಣುಕಿ, "ಸಾದಂ ಇಲ್ಲಿಯಾಪ್ಪಾ?" ಎಂದು ತಮಿಳಿನಲ್ಲಿ ಅನ್ನ ಕೇಳಿ, ಮುಖ ಸಿಂಡರಿಸಿ ಹೋದರು. ಸಂಜೆಯ ಹೊತ್ತಿಗೆ ಉಪ್ಪಿಟ್ಟು ಅಂಟಾಗಿತ್ತು, ಹುಡುಗ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಎಂತ ತಪ್ಪಾಯ್ತು ಮಾಮಿ?"

"ಉಪವಾಸ ಯಾರದು?"

"ನಿಮ್ದು."

"ಹಸಿವು ಯಾರದು?"

ಅವನು ತಲೆ ಕೆರೆದುಕೊಂಡ. ಮುಂದಿನ ಏಕಾದಶಿಗೆ ತಾನಿದ್ದ ಲಾಡ್ಜಿನ ಹಿತ್ತಿಲಲ್ಲಿ ಅನ್ನ ಬೇಯಿಸಿ, ಪುಳಿಯೋಗರೆ, ಮೊಸರನ್ನ ಮಾಡಿ ಹೊತ್ತು ತಂದ. ಏಕಾದಶಿಯ ದಿನ ಆಚಾರವಂತರ ಜಗಲಿಯ ಮೇಲೆ ಅನ್ನವೇ ಎಂದು ನೆಂಟರು ಹುಬ್ಬೇರಿಸಿದರು. "ಉಪವಾಸ ನನ್ನದು, ಬೀದೀದಲ್ಲ" ಎಂದು ದೊಡ್ಡಮ್ಮ ಅವರ ಬಾಯಿ ಮುಚ್ಚಿಸಿದಳು. ಮಧ್ಯಾಹ್ನದೊಳಗೆ ಪಾತ್ರೆಗಳೆಲ್ಲ ಬರಿದಾದವು.

ಓದು ಮುಗಿದ ವರ್ಷ ಒಂದು ಸಂಜೆ ರೂಪೇಶ ಬಂದು ಕಂಬ ಹಿಡಿದು ನಿಂತ. "ಮಾವನ ಹೋಟ್ಲಿಗೆ ಹೋಗುದಿಲ್ಲ ಅಂತ ಹೇಳಿ ಆಯ್ತು ಮಾಮಿ. ತಾಂಬರಂ ಸ್ಟೇಷನ್ ಹತ್ರ ಒಂದು ಜಾಗ ಉಂಟು. ಇಲ್ಲಿ ನಿಮ್ಮ ಎದುರು ಮನೆಯೂ ಖಾಲಿ ಉಂಟು. ಆದ್ರೆ ಇಲ್ಲಿ ಹಾಕಿದ್ರೆ ನಿಮ್ಮ ಗಿರಾಕಿ... ನೀವು ಬೇಡ ಅಂದ್ರೆ ತಾಂಬರಂಗೇ ಹೋಗ್ತೆ."

ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. "ತಾಂಬರಂಗೇ ಹೋಗಲಿ ಬಿಡು ದೊಡ್ಡಮ್ಮ, ಗಾಳಿ ಚೆನ್ನಾಗಿರತ್ತೆ" ಎಂದೆ.

ದೊಡ್ಡಮ್ಮ ನನ್ನ ಕಡೆ ತಿರುಗಲೂ ಇಲ್ಲ. "ನಿನ್ನ ಕೈರುಚಿ ಗೊತ್ತಿರೋರು ಎಲ್ಲಿದಾರೋ?"

"ಇಲ್ಲೇ."

"ಮತ್ತೆ ತಾಂಬರಂನಲ್ಲಿ ಯಾರಿಗೆ ಬಡಿಸ್ತೀಯ? ಹೋಗು, ಎದುರು ಮನೆಗೆ ಅಡ್ವಾನ್ಸ್ ಕೊಟ್ಟು ಬಾ."

ಅವನು ಹೋದ ಮೇಲೆ ನಾನು ಜಗಳವಾಡಿದೆ. ಕೂತ ಕೊಂಬೆಯನ್ನೇ ಕಡಿಯುತ್ತಿದ್ದೀಯ, ನಾಳೆ ನಾವು ಏನು ತಿನ್ನುವುದು ಎಂದು ಕೇಳಿದೆ.

"ಶುರು ಮಾಡ್ರೋ, ಶುರು ಮಾಡ್ರೋ ಅಂತ ಬಾಯಿ ಬಡಕೊಂಡೋಳು ನಾನು. ಒಬ್ಬ ಮಾಡ್ತೀನಿ ಅಂತ ಬಂದಾಗ ದೂರ ಹೋಗಿ ಮಾಡು ಅನ್ನಲೇನೇ?"

ನಾನು ಹೆದರಿದ್ದೇ ಆಯಿತು. ಅವನಲ್ಲಿ ಟೇಬಲ್ಲು, ಫ್ಯಾನು, ರಾತ್ರಿ ಚಪಾತಿ, ವರ್ಷವಿಡೀ ತೆರೆದ ಬಾಗಿಲು. ನಮ್ಮಲ್ಲಿ ಅದೇ ನೆಲ, ಅದೇ ಎಲೆ. ಹುಡುಗರು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕೆಲವರು ದೊಡ್ಡಮ್ಮನ ಕಣ್ಣು ತಪ್ಪಿಸಿ ದಾಟುತ್ತಿದ್ದರು, ಅವಳೇ ಕೂಗಿ, "ಇವತ್ತು ಅಲ್ಲಿ ಏನೋ ಕೂಟು?" ಎಂದು ವಿಚಾರಿಸುತ್ತಿದ್ದಳು. ದಿನದಿನಕ್ಕೆ ಅಕ್ಕಿ ಕಡಿಮೆ ಹಾಕುತ್ತ ಬಂದಳು, ಬಾಯಿ ಮಾತ್ರ ಬಿಡಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ, ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿದ ವರ್ಷ, ಮೆಸ್ ನಿಲ್ಲಿಸಿದಳು.

ಸುದ್ದಿ ತಿಳಿದು ರೂಪೇಶ ಒದ್ದೆ ಕೈಯಲ್ಲೇ ಓಡಿ ಬಂದ. ಬಂದವನೇ ಗಳಗಳ ಅತ್ತ. "ನಿಮ್ಮ ಅನ್ನ ತಿಂದು ನಿಮ್ಮ ಹೊಟ್ಟೆಗೇ ಹೊಡೆದೆ ಮಾಮಿ. ನಾಳೆಯಿಂದ ನಾನು ಬಾಗಿಲು ಹಾಕ್ತೆ. ನೀವು ಮತ್ತೆ ಶುರು ಮಾಡಿ."

ಹೂಂ ಅನ್ನು ದೊಡ್ಡಮ್ಮ, ಎಂದು ನಾನು ಮನಸ್ಸಿನಲ್ಲೇ ಮೊರೆಯಿಟ್ಟೆ. ಆ ಮೆಸ್ಸಿಲ್ಲದೆ ಅವಳು ಏನಾಗುತ್ತಾಳೋ ಎಂದು ನನಗೆ ಭಯವಾಗಿತ್ತು.

"ಹುಚ್ಚಪ್ಪಾ!" ಎಂದು ಅವಳು ಗದರಿದಳು. "ನಿನ್ನನ್ನ ನಂಬಿ ಅಲ್ಲಿ ಅಷ್ಟು ಜನ ಕೆಲಸ ಮಾಡ್ತಿದಾರೆ. ನೀನೂ ಮುಚ್ಚಿದ್ರೆ ನಾನು ಮುಚ್ಚಿದ್ದು ದಂಡವಾಯ್ತಲ್ಲೋ. ಕಾಫಿ ಹೊತ್ತಾಯ್ತು, ಗಿರಾಕಿಗಳು ನಿಂತಿದಾರೆ. ಓಡು."

ಅವನು ಕಣ್ಣೊರೆಸಿಕೊಂಡು ರಸ್ತೆ ದಾಟಿದ. ಅವನು ಒಳಗೆ ಹೋಗುವವರೆಗೂ ದೊಡ್ಡಮ್ಮ ನಿಂತು ನೋಡಿದಳು. ಆಮೇಲೆ ಅಡಿಗೆಮನೆಗೆ ಬಂದು, ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ದೊಡ್ಡಪ್ಪ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.