ಹೇಸರಗತ್ತೆಗಳನ್ನು ಎಣಿಸಿದವರು

ಕತೀನೆಯ ಭುಜ ನೋಡಿದವರಿಗೆ ಅವಳ ಕತೆ ಬೇರೆ ಹೇಳಬೇಕಾಗಿರಲಿಲ್ಲ. ಎರಡೂ ಕಡೆ ಎರಡು ಬೆರಳಗಲ ಚರ್ಮ ಸತ್ತು, ಹಳೇ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ಗೇರ್ಲದ ಪಟ್ಟಿ ಕೂತ ಜಾಗ ಅದು. ಗೇರ್ಲ ಅಂದರೆ ಬೆನ್ನಿಗೆ ಏರಿಸುವ ಬುಟ್ಟಿ. ಇಟಲಿಯ ಉತ್ತರ ಗಡಿಗೆ ಅಂಟಿಕೊಂಡ ಕಾರ್ನಿಯಾದ ನಮ್ಮ ಕಣಿವೆಯಲ್ಲಿ ಹುಲ್ಲು, ಗೊಬ್ಬರ, ಸೌದೆ, ಕೂಸು ಎಲ್ಲವೂ ಹೆಂಗಸರ ಗೇರ್ಲದಲ್ಲೇ ಬೆಟ್ಟ ಹತ್ತಿ ಇಳಿಯಬೇಕು. ಗಂಡಸರು ಕೆಲಸ ಹುಡುಕಿಕೊಂಡು ಗಡಿ ದಾಟಿ ಹೋಗುತ್ತಾರೆ, ಹೊರೆ ಇಲ್ಲೇ ಉಳಿಯುತ್ತದೆ.

ಸಾವಿರದ ಒಂಬೈನೂರ ಹದಿನಾರರಲ್ಲಿ ಆಸ್ಟ್ರಿಯದವರ ಜೊತೆ ಯುದ್ಧ ನಡೆದಾಗ, ಮೇಲೆ ಬೆಟ್ಟದ ಕೋಡಿನಲ್ಲಿ ಕೂತ ನಮ್ಮ ಸಿಪಾಯಿಗಳಿಗೆ ಗುಂಡು ಮುಟ್ಟಿಸುವವರೇ ಇರಲಿಲ್ಲ. ಹೇಸರಗತ್ತೆಗಳು ಅರ್ಧ ದಾರಿಗೇ ಕಾಲು ಮುರಿದುಕೊಂಡವು. ಆಗ ಸೈನ್ಯದವರ ಕಣ್ಣಿಗೆ ನಮ್ಮ ಹೆಂಗಸರು ಬಿದ್ದರು. ತೋಳಿಗೊಂದು ಕೆಂಪು ಪಟ್ಟಿ ಕಟ್ಟಿದರು, ನಂಬರು ಕೊಟ್ಟರು, ಬೆನ್ನಿಗೆ ನಲವತ್ತು ಕಿಲೋ ತೋಪಿನ ಗುಂಡು ಏರಿಸಿದರು. ಕತೀನೆಗೆ ಆಗ ಇಪ್ಪತ್ತಾರು. ಐದು ವರ್ಷದ ಯಾಕುಮನನ್ನು ನೆರೆಮನೆಯಲ್ಲಿ ಬಿಟ್ಟು, ನಾಲ್ಕು ತಾಸು ಹತ್ತಿ, ಇಳಿಯುವಾಗ ಗಾಯಾಳುಗಳನ್ನು ಹೊತ್ತು ತರುತ್ತಿದ್ದಳು. ಯುದ್ಧ ಗೆದ್ದರು, ಊರ ಚೌಕದಲ್ಲಿ ಕಲ್ಲು ನೆಟ್ಟರು. ಕಲ್ಲಿನ ಮೇಲೆ ದಂಡಿನ ಹೆಸರಿದೆ, ಜನರಲ್ಲನ ಹೆಸರಿದೆ, ಸತ್ತ ಹೇಸರಗತ್ತೆಗಳಿಗೂ ಒಂದು ಸಾಲು ಸಿಕ್ಕಿದೆ. ಹೆಂಗಸರಿಗೆ? ಊಹೂಂ. ಹೊಟ್ಟೆ ಉರಿಯುವುದಿಲ್ಲವೇ, ನೀವೇ ಹೇಳಿ!

ಕತೀನೆ ಅದನ್ನೂ ನುಂಗಿಕೊಂಡಳು. ಗಂಡ ಕಲ್ಲುಗಣಿಯ ಧೂಳು ಕುಡಿದು ಸತ್ತ ಮೇಲೆ ಹೊರೆ ಹೊತ್ತೇ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಹಿರಿಯ ಯಾಕುಮ್ ಓದಿನಲ್ಲಿ ಚುರುಕು, ಸೈನ್ಯದ ಕಚೇರಿಯೊಂದರಲ್ಲಿ ನಕಾಶೆ ಬರೆಯುವ ಗುಮಾಸ್ತನಾದ. ಯುದ್ಧ ಮುಗಿದ ವರ್ಷ ಹುಟ್ಟಿದ ಕಿರಿಯ ವೀಜಿ ಬೆಟ್ಟದ ದಂಡಿನಲ್ಲಿ ಸಿಪಾಯಿಯಾದ. ಸಾವಿರದ ಒಂಬೈನೂರ ನಲವತ್ತರ ಬೇಸಿಗೆಯಲ್ಲಿ ಇಬ್ಬರೂ, ನಮ್ಮವರು ಹಿಂದಿನ ವರ್ಷವಷ್ಟೇ ನುಂಗಿದ್ದ ಅಲ್ಬೇನಿಯಾದಲ್ಲಿದ್ದರು. ಆಚೆಗೆ ಗ್ರೀಸು. ಜರ್ಮನ್ನರು ಆರು ವಾರದಲ್ಲಿ ಫ್ರಾನ್ಸನ್ನು ಮಣಿಸಿದ್ದು ನಮ್ಮ ರೋಮಿನ ದೊಡ್ಡವರ ನಿದ್ದೆ ಕೆಡಿಸಿತ್ತು. ಸಾಮ್ರಾಜ್ಯ ಅಂತ ಬೋರ್ಡು ಹಾಕಿಕೊಂಡ ಮೇಲೆ ಪಕ್ಕದವನದ್ದು ಏನಾದರೂ ಕಿತ್ತುಕೊಳ್ಳದಿದ್ದರೆ ಮರ್ಯಾದೆ ಉಳಿಯುತ್ತದೆಯೇ?

ಸೆಪ್ಟೆಂಬರಿನಲ್ಲಿ ಯಾಕುಮ್ ರಜೆಯ ಮೇಲೆ ಬಂದ. ಕತೀನೆ ಬಿಸಿ ಪೊಲೆಂಟವನ್ನು, ಅಂದರೆ ಮೆಕ್ಕೆಜೋಳದ ಗಟ್ಟಿ ಮುದ್ದೆಯನ್ನು, ದಾರದಿಂದ ಕೊಯ್ದು ಮಗನ ತಟ್ಟೆಗೆ ಹಾಕುತ್ತಿದ್ದಳು. ಅವನ ಬಾಯಿಗೆ ತಿನ್ನುವುದಕ್ಕಿಂತ ಜಂಬದ ಕೆಲಸವೇ ಜಾಸ್ತಿ.

"ಅವ್ವಾ, ಗ್ರೀಸಿನ ಸೈನ್ಯದ ಅಂದಾಜು ಮಾಡಿದ್ದು ಯಾರು ಗೊತ್ತಾ? ನಮ್ಮ ಕಚೇರಿಯ ಮೇಜರ್ ಕವಲ್ಲೀನಿ ಮತ್ತೆ ನಾನು. ಮರದ ವ್ಯಾಪಾರಿಗಳ ವೇಷ ಹಾಕ್ಕೊಂಡು ಹಳ್ಳಿಹಳ್ಳಿ ತಿರುಗಿ ಬಂದ್ವಿ. ಎಷ್ಟು ದಂಡು, ಎಷ್ಟು ತೋಪು, ಎಷ್ಟು ಹೇಸರಗತ್ತೆ, ಒಂದೂ ಬಿಟ್ಟಿಲ್ಲ."

"ಸರಿ, ಆಮೇಲೆ?"

"ಆಮೇಲೇನು! ಅವರ ಬೆಟ್ಟದಲ್ಲಿ ರಸ್ತೇನೇ ಇಲ್ಲ. ಊರಿಗೆ ಹತ್ತೋ ಹನ್ನೆರಡೋ ಹೇಸರಗತ್ತೆ. ಮಳೆ ಹಿಡೀತು ಅಂದ್ರೆ ಮೇಲಿರೋ ಸಿಪಾಯಿಗೆ ಒಂದು ತೋಟಾನೂ ಮುಟ್ಟಲ್ಲ. ನಮ್ಮೋರಿಗೆ ಐದು ದಿನದ ಬುತ್ತಿ ಸಾಕು. ವೀಜಿ ಹಾಡು ಹೇಳ್ಕೊಂಡು ನಡ್ಕೊಂಡು ಹೋಗ್ತಾನೆ, ನೋಡ್ತಿರು."

"ವೀಜಿ ಮುಂದೆ ಹೋಗ್ತಾನಾ?"

"ಅವರ ದಂಡೇ ಮೊದಲು. ಬೆಟ್ಟ ಅಲ್ವಾ."

ಕತೀನೆ ದಾರವನ್ನು ಮೇಜಿನ ಮೇಲಿಟ್ಟಳು. "ಆ ಊರುಗಳಲ್ಲಿ ಸೌದೆ ಯಾರು ಹೊರ್ತಾರೆ?"

"ಹೆಂಗಸರು. ಅಯ್ಯೋ, ನೀನು ನೋಡ್ಬೇಕಿತ್ತು! ಕರೀ ಬಟ್ಟೆ, ಬೆನ್ನಿಗೆ ಹಗ್ಗದಲ್ಲಿ ಹೊರೆ ಬಿಗಿದ್ರೆ ಆಳೇ ಕಾಣಲ್ಲ. ನೀರಿನ ಪೀಪಾಯಿ, ಅದರ ಮೇಲೊಂದು ತೊಟ್ಟಿಲು. ಹೇಸರಗತ್ತೆ ಹೆದರಿ ನಿಲ್ಲೋ ಕಡೆ ಇವರು ದಡದಡ ಹತ್ತುತಾರೆ."

"ಅವರನ್ನ ಎಣಿಸಿದ್ಯಾ?"

ಯಾಕುಮ್ ಗೊಳ್ಳೆಂದು ನಕ್ಕ. "ಹೆಂಗಸರನ್ನಾ? ಇದು ಸೈನ್ಯದ ಲೆಕ್ಕ ಅವ್ವ, ಮದುವೆ ದಿಬ್ಬಣದ್ದಲ್ಲ!"

ಕತೀನೆ ಶಾಲು ಕಿತ್ತೆಸೆದಳು. ಅಂಗಿಯ ಕೊರಳು ಜಗ್ಗಿ ಭುಜವನ್ನು ಮಗನ ಮುಖಕ್ಕೆ ಹಿಡಿದಳು.

"ಇದೇನೋ ಇದು? ಮುತ್ತಿನ ಸರ ಹಾಕ್ಕೊಂಡ ಗುರುತಾ? ಆ ಕೋಡಿಗೆ ಗುಂಡು ಹೊತ್ತಿದ್ದು ನಿಮ್ಮ ಮೇಜರನ ಅಜ್ಜಿಯಾ? ಆಗ ನಮ್ಮೂರಲ್ಲಿ ಎಷ್ಟು ಹೇಸರಗತ್ತೆ ಇದ್ವು, ಹೇಳು. ಆರು! ಆರನ್ನ ಎಣಿಸಿ ಆಸ್ಟ್ರಿಯದೋನೂ ಹಿಂಗೇ ಹಲ್ಲು ಕಿರಿದಿರ್ತಾನೆ. ಅವರ ಮನೆ ಬಾಗಿಲಿಗೆ ನೀವು ಬಂದೂಕು ಹಿಡ್ಕೊಂಡು ಹೋದ್ರೆ ಆ ಹೆಂಗಸರು ಕೈ ಕಟ್ಕೊಂಡು ಕೂರ್ತಾರಾ? ಬರಿಯೋ. ಊರಿಗೆ ಇಷ್ಟು ಹೆಂಗಸರು, ಒಬ್ಬೊಬ್ಬಳಿಗೆ ಮೂವತ್ತು ಕಿಲೋ ಅಂತ ಬರಿ. ಐದು ದಿನದ ಬುತ್ತಿ ಸಾಲದು ಅಂತ ಬರಿ. ಅಲ್ಲಿಗೆ ಹೋಗ್ತಿರೋನು ನಿನ್ನ ತಮ್ಮ!"

ಯಾಕುಮನ ಮುಖದ ನಗು ಹೋಯಿತು. "ಬರೀತೀನಿ ಅವ್ವ. ನಿನ್ನಾಣೆ," ಎಂದ. ಅವಳು ನಂಬಿದಳು. ಹೆತ್ತ ಮಗನ ಮಾತು, ನಂಬದೆ ಏನು ಮಾಡುತ್ತಾಳೆ?

ಅಕ್ಟೋಬರ್ ಕೊನೆಯಲ್ಲಿ, ಸುರಿಯುವ ಮಳೆಯಲ್ಲಿ, ನಮ್ಮವರು ಗಡಿ ದಾಟಿದರು. ಮೊದಲ ವಾರ ಪತ್ರಿಕೆಗಳಿಗೆ ಸಂಭ್ರಮವೋ ಸಂಭ್ರಮ. ಆಮೇಲೆ ಬಾಯಿಗೆ ಬೀಗ. ಡಿಸೆಂಬರಿನಲ್ಲಿ ಕತೀನೆಗೆ ವೀಜಿಯ ಬಗ್ಗೆ ಸರ್ಕಾರದ ಕಾಗದ ಬಂತು: ಸಿಪಾಯಿ ಲುವೀಜಿ ಮಯೆರೋನ್, ವಯಸ್ಸು ಇಪ್ಪತ್ತೆರಡು, ಗ್ರೀಸಿನ ಪಿಂಡಸ್ ಬೆಟ್ಟದಲ್ಲಿ, ತಾಯ್ನಾಡಿಗಾಗಿ. ಸೋಲಿಗೆ ಕಾರಣ ಹವೆ ಎಂದು ಮೇಜರ್ ಕವಲ್ಲೀನಿ ಹೊಸ ವರದಿ ಬರೆದ, ಮತ್ತು ಬಡ್ತಿ ಪಡೆದು ಕರ್ನಲ್ ಆದ. ಅವನ ಲೆಕ್ಕ ನಂಬಿ ಸತ್ತವರು ಮಣ್ಣಲ್ಲಿ, ಅವನು ಮೆತ್ತನೆ ಕುರ್ಚಿಯಲ್ಲಿ. ಥೂ!

ಜನವರಿಯಲ್ಲಿ, ತಮ್ಮನ ಹೆಸರಿನಲ್ಲಿ ಚರ್ಚಿನ ಪೂಜೆಗೆಂದು ಯಾಕುಮ್ ಬಂದ ದಿನವೇ, ವೀಜಿಯ ಪಕ್ಕದಲ್ಲಿ ನಿಂತು ಕಾದಾಡಿದ್ದ ನೆರೆಮನೆಯ ಹುಡುಗ ನಾರ್ತ್ ಬಂದು ಒಲೆಯ ಮುಂದೆ ಕೂತ. ಹಿಮಕ್ಕೆ ಕೊಳೆತ ಕಾಲ್ಬೆರಳುಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದ್ದರು. ಎರಡು ಊರುಗೋಲು ಗೋಡೆಗೆ ಒರಗಿಸಿ ಹೇಳತೊಡಗಿದ.

"ಬುತ್ತಿ ಐದು ದಿನಕ್ಕೇ ಮುಗೀತು, ದೊಡ್ಡವ್ವ. ಹಿಂದಿನಿಂದ ಏನೂ ಬರ್ಲಿಲ್ಲ. ನಮ್ಮ ಹೇಸರಗತ್ತೆಗಳೆಲ್ಲ ಕೆಸರಲ್ಲಿ ಹೂತೋದ್ವು. ಎದುರಿನ ಗುಡ್ಡದೋರಿಗೆ ಮಾತ್ರ ಗುಂಡಿಗೆ ಬರಾನೇ ಇಲ್ಲ. ಎಲ್ಲಿಂದ ಬರ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ವಿ. ಒಂದಿನ ಬೆಳಗ್ಗೆ ಮಂಜು ಸರೀತು. ಹಿಮದ ಮೇಲೆ ಕರೀ ಸಾಲು. ಹೆಂಗಸರು. ಬೆನ್ನ ಮೇಲೆ ಪೆಟ್ಟಿಗೆ ಹೊತ್ತು ಹತ್ತುತಿದ್ರು. ಮಷೀನ್‌ಗನ್ನು ವೀಜಿ ಕೈಲಿತ್ತು. ಹೊಡಿ, ಹೊಡಿ ಅಂತ ಸಾರ್ಜೆಂಟು ಕಿರಿಚ್ತಿದ್ದ."

"ಹೊಡೆದ್ನಾ?" ಎಂದಳು ಕತೀನೆ.

"ಇಲ್ಲ. 'ಅಲ್ನೋಡೋ ನಾರ್ತ್, ನಮ್ಮವ್ವ ಬರ್ತಿದಾಳೆ' ಅಂದ. ಕೈ ಕೆಳಗಿಳಿಸಿದ. ಆ ಪೆಟ್ಟಿಗೆಗಳಲ್ಲಿದ್ದ ಗುಂಡೇ ಮಧ್ಯಾಹ್ನ ನಮ್ಮ ಮೇಲೆ ಬಿತ್ತು, ದೊಡ್ಡವ್ವ."

ಕತೀನೆ ಅಳಲಿಲ್ಲ. ಹಿರಿಯ ಮಗನ ಕಡೆ ತಿರುಗಿದಳು. "ಬರೆದಿದ್ಯಾ?"

"ಬರೆದಿದ್ದೆ," ಎಂದ ಯಾಕುಮ್ ನೆಲ ನೋಡುತ್ತ. "ಪೆನ್ಸಿಲಲ್ಲಿ, ಒಂದು ಸಾಲು. ಮೇಜರು ಓದಿ ನಕ್ಕ. 'ಇದನ್ನ ರೋಮಿಗೆ ಕಳಿಸಿದ್ರೆ ಮುದುಕಿಯರಿಗೆ ಹೆದರಿದ್ವಿ ಅಂತಾರೆ. ಅವರಿಗೆ ಬೇಕಿರೋದು ಸುಲಭ ಅನ್ನೋ ಒಂದೇ ಮಾತು' ಅಂದ. ಆಮೇಲೆ ಕೇಳ್ದ, ಇದನ್ನ ನಿನಗೆ ಹೇಳ್ಕೊಟ್ಟಿದ್ದು ಯಾರು ಅಂತ."

"ಏನಂದೆ?"

"ಯಾರೂ ಇಲ್ಲ ಅಂದೆ." "ರಬ್ಬರು ತಗೊಂಡು ನಾನೇ ಅಳಿಸಿದೆ."

ಕತೀನೆ ಮಗನ ಎದುರು ಬಂದು ನಿಂತಳು.

"ಆ ಮೇಜರು ನನ್ನ ಕಂಡೋನಲ್ಲ. ಅವನಿಗೆ ನಾನು ಯಾರೂ ಅಲ್ಲ, ಬಿಡು," ಎಂದಳು. "ವೀಜಿ ಹೊಟ್ಟೆಗಿಲ್ಲದೆ ಕೂತಿದ್ದ. ಕಣಿವೆ ಆಚೆ, ಯಾರೋ ಶತ್ರುಗಳ ಹೆಂಗಸರಲ್ಲಿ ನನ್ನ ಗುರುತು ಹಿಡ್ದ. ನೀನು ಇದೇ ಮೇಜಿನ ಮುಂದೆ ಕೂತಿದ್ಯಲ್ಲೋ. ನಾನು ಅಂಗಿ ಜಗ್ಗಿ ತೋರಿಸಿದ್ನಲ್ಲೋ."

"ಅವ್ವಾ..." ಎಂದ ಯಾಕುಮ್.

ಅವಳು ನಾರ್ತನ ಕೈಗೆ ಊರುಗೋಲು ಕೊಟ್ಟು, ತೋಳು ಹಿಡಿದು ಎಬ್ಬಿಸಿದಳು. ಹೊರಗೆ ಹಿಮದಲ್ಲಿ ಕಾಲು ಜಾರುತ್ತಿತ್ತು, ಅವನನ್ನು ಮನೆ ಮುಟ್ಟಿಸಬೇಕಿತ್ತು.