ಗೊತ್ತಿಲ್ಲದವರಿಗೆ ಕೊಟ್ಟ ಅಳು

ಕೈಲಾಂಚದ ಸುತ್ತಮುತ್ತ ಸಾವಾದ ಮನೆಗೆ ಮುನಿಯಮ್ಮ ಬಂದು ಕೂತಳೆಂದರೆ, ಅಲ್ಲಿಯವರೆಗೆ ಬಿಗಿದುಕೊಂಡು ನಿಂತಿದ್ದ ಗಂಡಸರೂ ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕುತ್ತಿದ್ದರು. ಅವಳದು ಬರೀ ಗೋಳಾಟವಲ್ಲ. ಹೆಣದ ತಲೆಯ ಬಳಿ ಕೂತು, ರಾಗ ಎಳೆದು, ಸತ್ತವರ ಬದುಕನ್ನೇ ಹೇಳಿಕೊಂಡು ಅಳುವಳು. ಯಾವ ಹಸು ಸಾಕಿದರು, ಯಾರ ಜೊತೆ ಮಾತು ಬಿಟ್ಟರು, ಯಾವ ಸೀರೆಗೆ ಆಸೆಪಟ್ಟು ಉಡದೆ ಹೋದರು, ಒಂದನ್ನೂ ಬಿಡುತ್ತಿರಲಿಲ್ಲ. ಸತ್ತರೆಂಬ ಒಂದೇ ಕಾರಣಕ್ಕೆ ಯಾರನ್ನೂ ದೇವರು ಮಾಡುವ ಚಾಳಿಯೂ ಅವಳಿಗಿರಲಿಲ್ಲ. ಹೀಗೆ ಹಾಡಿಕೊಂಡು ಅಳಬಲ್ಲವರು ಊರಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಅದಕ್ಕೊಂದು ಕಟ್ಟುಪಾಡೂ ಇತ್ತು. ಮಣ್ಣು ಮಾಡಿ ಬಂದು ತಲೆಗೆ ನೀರು ಹಾಕಿಕೊಂಡ ಮೇಲೆ ಆ ಮಾತುಗಳನ್ನು ಯಾರೂ ಮತ್ತೆ ಆಡಬಾರದು.

"ಅದು ಸತ್ತೋರ್ದು ಕಣ್ ಮಗ. ಅವ್ರ್ ಜೊತೇಲೇ ಕಳಿಸ್ಬುಡ್ಬೇಕು" ಎಂದು ಮೊಮ್ಮಗಳು ಪ್ರತಿಮಾಗೂ ಹೇಳಿದ್ದಳು. ಪ್ರತಿಮಾ ಹೂಂಗುಟ್ಟಿದ್ದಳು. ಮುದುಕರ ಮಾತಿಗೆ ಮಕ್ಕಳು ಹೂಂಗುಟ್ಟುವುದು ಎಷ್ಟರಮಟ್ಟಿಗೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಪ್ರತಿಮಾ ದಿನಾ ಬಸ್ಸಿನಲ್ಲಿ ರಾಮನಗರದ ಶಾಲೆಗೆ ಹೋಗಿಬರುತ್ತಿದ್ದಳು. ಒಂಬತ್ತನೇ ತರಗತಿ. ಆ ವರ್ಷ ಶಾಲೆಯಲ್ಲಿ ಮಾಧ್ಯಮ ಅಧ್ಯಯನ ಎಂಬ ಹೊಸ ವಿಷಯ ತಂದಿದ್ದರು. ಪಾಠ ಮಾಡುವ ನಾಹಿದಾ ಮಿಸ್ ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಮಾಡುವವರು ಯಾರು? ನೋಡುವವರು ಯಾರು? ಯಾರನ್ನು, ಹೇಗೆ ತೋರಿಸುತ್ತಾರೆ? ಅಷ್ಟೇ, ಹುಡುಗಿಗೆ ಹುಚ್ಚು ಹಿಡಿಯಿತು. ಅಂದಿನಿಂದ ಮನೆಯಲ್ಲಿ ಒಬ್ಬರೂ ನೆಮ್ಮದಿಯಾಗಿ ಟಿವಿ ನೋಡಿದ್ದಿಲ್ಲ. ಅಪ್ಪ ರಾಮಲಿಂಗಯ್ಯ ಹಿಪ್ಪುನೇರಳೆ ತೋಟದಿಂದ ಬಂದು, ಕಾಲು ಚಾಚಿ, ಧಾರಾವಾಹಿಯ ಹಾಸ್ಯಕ್ಕೆ ನಕ್ಕರೆ ಸಾಕು, ಇವಳು ಎದುರು ನಿಲ್ಲುತ್ತಿದ್ದಳು.

"ಯಾಕಪ್ಪ ನಗ್ತೀಯ? ಸಾಹುಕಾರ್ರೆಲ್ಲ ಪುಸ್ತಕದ್ ಭಾಷೆ ಆಡ್ತಾರೆ, ಪೆದ್ದ ಕೆಲಸದೋನು ಮಾತ್ರ ನಮ್ ಮಾತಾಡ್ತಾನೆ. ಅವ್ರು ನಗ್ತಿರೋದು ನಮ್ಮನ್ನ ನೋಡ್ಕಂಡು!"

"ಅಯ್ಯೋ, ಒಸಿ ನಗಾಕೂ ನಿನ್ ಪರ್ಮಿಶನ್ ಬೇಕಾ ತಾಯಿ?" ಎಂದು ರಾಮಲಿಂಗಯ್ಯ ಇನ್ನೂ ಜೋರಾಗಿ ನಗುತ್ತಿದ್ದ. ಆದರೆ ಮಗಳು ಪ್ರಾಜೆಕ್ಟಿಗೆಂದು ಫೋನು ಕೇಳಿದಾಗ ಮರುಮಾತಿಲ್ಲದೆ ತನ್ನದನ್ನೇ ಕೊಟ್ಟವನೂ ಅವನೇ.

ಪ್ರಾಜೆಕ್ಟು ಇಷ್ಟೇ. ನಿಮ್ಮವರನ್ನು ನೀವು ಕಂಡಂತೆ ಒಂದು ಚಿಕ್ಕ ವಿಡಿಯೋದಲ್ಲಿ ತೋರಿಸಿ, ಬೇರೆಬೇರೆಯವರಿಗೆ ಕಳಿಸಿ, ಅವರು ಏನೆಂದರೆಂದು ಬರೆಯಿರಿ. ಅದೇ ವಾರ ಹಿಂದಿನ ಬೀದಿಯ ನಿಂಗಮ್ಮ ತೀರಿಕೊಂಡಳು. ಅವಳು ಮುನಿಯಮ್ಮನ ಜೀವದ ಗೆಳತಿ. ಪ್ರತಿಮಾ ಆ ಮನೆಯ ಕಿಟಕಿಯ ಸಂದಿಯಿಂದ ಫೋನು ಹಿಡಿದಳು. ಮುನಿಯಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು:

"ನನ್ ಕೋಳಿ ಕದ್ದು ಸಾರ್ ಮಾಡಿ ನಂಗೇ ಬಡಿಸ್ದಲ್ಲೇ ನಿಂಗೀ... ಉಪ್ಪು ಜಾಸ್ತಿ ಅಂದಿದ್ಕೆ ಮೂರ್ ತಿಂಗ್ಳು ಮಾತ್ ಬಿಟ್ಟಲ್ಲೇ... ಈಗ್ಲೂ ಮುನಿಸ್ಕಂಡೇನೇ ಮಲಗಿರೋದು..."

ಆ ಕೋಳಿ ಜಗಳ ಊರಿಗೇ ಗೊತ್ತಿದ್ದದ್ದು. ಅಂಗಳದ ಜನ ಅಳುತ್ತಲೇ ನಕ್ಕರು, ನಗುತ್ತಲೇ ಇನ್ನಷ್ಟು ಅತ್ತರು. ನಿಂಗಮ್ಮನ ಮಗ ದೇವರಾಜು ಮುನಿಯಮ್ಮನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದ.

ವಿಡಿಯೋವನ್ನು ತರಗತಿಯಲ್ಲಿ ಹಾಕಿ ತೋರಿಸಿದಳು. ನಾಹಿದಾ ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಜ್ಜಿನ, ಆ ಮನೆಯವರನ್ನ ಕೇಳಿ ತೆಗೆದೆ ತಾನೆ?" ಎಂದರು. "ಹೂಂ ಮಿಸ್" ಎಂದಳು ಪ್ರತಿಮಾ. ಕೇಳಿರಲಿಲ್ಲ. ಕೇಳಿದ್ದರೆ ಅಜ್ಜಿ ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಕೇಳಿರಲಿಲ್ಲ.

ಪೇಟೆಯ ನೋಡುಗನೊಬ್ಬ ಬೇಕಲ್ಲ ಎಂದು ಅದನ್ನು ಕನಕಪುರದಲ್ಲಿದ್ದ ಚಿಕ್ಕಪ್ಪನ ಮಗ ಲೋಕೇಶನಿಗೂ ಕಳಿಸಿದಳು. ಅವನು ಹೆಮ್ಮೆಯಿಂದಲೇ "ನಮ್ ಅಜ್ಜಿ" ಎಂದು ಸ್ಟೇಟಸ್ಸಿಗೆ ಹಾಕಿದ. ಅಲ್ಲಿಂದ ಯಾರೋ ಎತ್ತಿಕೊಂಡರು. ಕೋಳಿಯ ಮಾತನ್ನಷ್ಟೇ ಕತ್ತರಿಸಿ, ಹಿಂದೆ ಡ್ರಮ್ಮು ಬಾರಿಸಿ, ಪಕ್ಕದಲ್ಲಿ ಕುಣಿಯುವ ಕೋಳಿಯೊಂದನ್ನು ಅಂಟಿಸಿ ರೀಲ್ ಮಾಡಿದರು. ವಾರದೊಳಗೆ ಬಸ್ಸಿನಲ್ಲಿ ಹುಡುಗರು ಎದೆ ಬಡಿದುಕೊಂಡು "ನನ್ ಕೋಳಿ ಕದ್ದಲ್ಲೇ ನಿಂಗೀ" ಎಂದು ಹಾಡತೊಡಗಿದರು. ಪ್ರತಿಮಾ ಕಿಟಕಿಗೆ ಮುಖ ಆನಿಸಿ ಕೂತಳು.

ನಿಂಗಮ್ಮನ ತಿಥಿಗೆ ಇನ್ನೂ ದಿನವಿರುವಾಗ ದೇವರಾಜು ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ.

"ಮುನಿಯವ್ವ, ನಮ್ಮವ್ವ ಕೋಳಿ ಕದ್ದಿದ್ದು ನಿಜಾನೇ. ಆ ಸಾರ ನಾನೂ ಉಂಡಿವ್ನಿ. ಆದ್ರೆ ಇವತ್ತು ನನ್ ಮಗಳ್ನ ಕೋಳಿ ಕಳ್ಳಿ ಮೊಮ್ಮಗಳು ಅಂತವ್ರೆ. ನೀನು ತಿಥಿಗೆ ಬರ್ಬೇಡ ಕಣವ್ವ."

ಮುನಿಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಅವನು ಹೋದ ಮೇಲೆ ಪ್ರತಿಮಾ ಅಳುತ್ತ ಎಲ್ಲ ಹೇಳಿದಳು. "ತೋರ್ಸು" ಎಂದಳು ಅಜ್ಜಿ. ತೋರಿಸಿದಳು. ತಾನು ಅಳುವ ಮುಖವನ್ನು ಮುನಿಯಮ್ಮ ನೋಡಿದ್ದು ಅದೇ ಮೊದಲು. ಕೆಳಗೆ ಸಾಲುಗಟ್ಟಿದ್ದ ನಗುಮುಖಗಳನ್ನೂ ನೋಡಿದಳು.

"ಯಾಕ್ ನಗ್ತಾವ್ರೆ ಮಗ?"

ಬೋರ್ಡಿನ ಮೇಲಿನ ಮೂರೂ ಪ್ರಶ್ನೆಗಳಿಗೆ ಪುಟಗಟ್ಟಲೆ ಬರೆದಿದ್ದ ಹುಡುಗಿಗೆ ಸಿಕ್ಕಿದ್ದು ಒಂದೇ ಸಾಲು. "ಅವ್ರಿಗೆ ನಿಂಗಮ್ಮಜ್ಜಿ ಯಾರು ಅಂತ ಗೊತ್ತಿಲ್ಲ ಅಜ್ಜಿ" ಎಂದಳು.

"ಗೊತ್ತಿಲ್ದೋರ್ಗೆ ಯಾಕ್ ಕೊಟ್ಟೆ?"

ಅಷ್ಟೇ ಕೇಳಿದ್ದು. ಬೈಯಲಿಲ್ಲ, ಹೊಡೆಯಲಿಲ್ಲ. ಎರಡೇಟು ಹಾಕಿದ್ದರೆ ಪ್ರತಿಮಾಗೆ ಎಷ್ಟೋ ಹಗುರಾಗುತ್ತಿತ್ತು. ನಾಹಿದಾ ಮಿಸ್ ದೂರು ಕೊಟ್ಟು ಆ ರೀಲನ್ನು ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಹುಟ್ಟಿಕೊಂಡಿತು. ಪ್ರಾಜೆಕ್ಟಿಗೆ ಪೂರ್ತಿ ಅಂಕ ಬಂದಿತ್ತು. ಪ್ರತಿಮಾ ಮನೆಯಲ್ಲಿ ಅದನ್ನು ಹೇಳಲೇ ಇಲ್ಲ.

ಆಮೇಲೆ ಮುನಿಯಮ್ಮ ಸಾವಿನ ಮನೆಗೆ ಹೋದರೂ ಹಿಂದೆ, ಗೋಡೆಗೊರಗಿ ಕೂರುತ್ತಿದ್ದಳು. ಕರೆದರೆ ಗಂಟಲು ನೋವು ಎನ್ನುತ್ತಿದ್ದಳು. ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು, ಬಿಸಿ ಮುದ್ದೆ ಎತ್ತಿಡುತ್ತಿದ್ದಳು. ಆದರೆ ಇವಳ ಕೈಯಲ್ಲಿ ಫೋನು ಕಂಡರೆ ಸಾಕು, ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಮರುವರ್ಷ, ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದ ರಾಮಲಿಂಗಯ್ಯನ ಗೂಡ್ಸ್ ಆಟೋಗೆ ಲಾರಿ ಗುದ್ದಿತು. ಮಧ್ಯಾಹ್ನದ ಹೊತ್ತಿಗೆ ಹೆಣವನ್ನು ತಂದು ಅಂಗಳದಲ್ಲಿ ಮಲಗಿಸಿದರು. ಪ್ರತಿಮಾಳ ಅವ್ವನಿಗೆ ಪ್ರಜ್ಞೆ ಬರುತ್ತಿತ್ತು, ಹೋಗುತ್ತಿತ್ತು. ಮುನಿಯಮ್ಮ ಮಗನ ತಲೆಯ ಬಳಿ ಕೂತಿದ್ದಳು, ಬಾಯಿಗೆ ಸೆರಗು ತುರುಕಿಕೊಂಡು. ಊರಿಗೆ ಊರೇ ಕಾಯುತ್ತಿತ್ತು. ದೇವರಾಜು ಮುಂದೆ ಬಂದು ಕಾಲು ಹಿಡಿದು, "ಅಳು ಮುನಿಯವ್ವ, ಅತ್ತು ಕಳ್ಸು" ಎಂದ. ಅವಳು ಬಾಯಿ ಬಿಡಲಿಲ್ಲ.

ಅಪ್ಪನನ್ನು ಪ್ರತಿಮಾ ಬಲ್ಲದ್ದು ಎಷ್ಟು? ಅವನು ಹುಡುಗನಾಗಿದ್ದುದನ್ನು, ಬಿದ್ದದ್ದು ಎದ್ದದ್ದನ್ನು ಕಂಡವಳು ಅಜ್ಜಿ ಒಬ್ಬಳೇ. ಇವತ್ತು ಅಜ್ಜಿಯ ಬಾಯಲ್ಲಿ ಬಾರದಿದ್ದರೆ ಆ ಅಪ್ಪ ಇನ್ನು ಬರುವುದಿಲ್ಲ. ಅವಳು ಎದ್ದು, ಸೊಪ್ಪಿನ ಬುಟ್ಟಿ ಹಿಡಿದು, ಜನರ ನಡುವೆ ಹೋದಳು. "ಫೋನ್ ಹಾಕಿ ಅಣ್ಣ. ಅಕ್ಕ, ನಿಮ್ದೂ ಹಾಕಿ. ಕೈ ಮುಗೀತೀನಿ." ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಬುಟ್ಟಿಯನ್ನು ಕೊಟ್ಟಿಗೆಯಲ್ಲಿಟ್ಟು ಬಂದು ಅಜ್ಜಿಯ ಮುಂದೆ ಮಂಡಿಯೂರಿದಳು.

"ಯಾರತ್ರಾನೂ ಇಲ್ಲ ಅಜ್ಜಿ. ಅಪ್ಪನ್ ಬಗ್ಗೆ ಹೇಳಜ್ಜಿ."

ಮುನಿಯಮ್ಮ ಸೆರಗು ತೆಗೆದಳು. "ನನ್ ಕಂದಾ..." ಎಂದು ಎಳೆದಳು. ಎದುರಿಗಿದ್ದ ಮೊಮ್ಮಗಳ ಕಣ್ಣು ನೋಡಿದ್ದೇ ದನಿ ಅಲ್ಲೇ ನಿಂತುಹೋಯಿತು. ಕೈ ಚಾಚಿ ಪ್ರತಿಮಾಳ ಕೆನ್ನೆ ಒರೆಸಿದಳು.

"ನೀನ್ ಒಳಿಕ್ಕೆ ಹೋಗು ಮಗ. ನೀನಿದ್ರೆ ನಂಗೆ ಬರಾಕಿಲ್ಲ."

ಆ ದನಿಯಲ್ಲಿ ಕೋಪವಿರಲಿಲ್ಲ. ಅಂಗಳದಲ್ಲಿ ಯಾರೊಬ್ಬರೂ ಹುಡುಗಿಯ ಪರವಾಗಿ ಮಾತಾಡಲಿಲ್ಲ. ಪ್ರತಿಮಾ ಅಪ್ಪನ ಕಾಲು ಮುಟ್ಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಅಜ್ಜಿಯ ದನಿ ಎದ್ದಿತು, ಏರಿತು. ತಮಟೆಯವರೂ ಶುರು ಮಾಡಿದರು. ಅವಳು ಬಾಗಿಲಿಗೆ ಕಿವಿಯೊತ್ತಿದಳು. ರಾಗ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಪ್ಪ ಚಿಕ್ಕಂದಿನಲ್ಲಿ ಏನು ಮಾಡಿದ್ದನೋ ಏನೋ, ಅಷ್ಟೂ ಜನ ಅಳುತ್ತಲೇ ಒಮ್ಮೆ ನಕ್ಕರು.