ಹುಲ್ಲುಹಾಸಿನ ತೂತುಗಳೂ ಮಾದಪ್ಪನ ಪರಸೆಯೂ

ಹನೂರಿನಲ್ಲಿ ನನ್ನ ಯಜಮಾನರು ಸಾಹುಕಾರರೊಬ್ಬರ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದರು. ಹಿಂದಿನ ಒಂದು ಕೋಣೆಯಲ್ಲಿ ನಮ್ಮ ಸಂಸಾರ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಬಂಗಲೆಯ ಮುಂದಿನ ಹುಲ್ಲುಹಾಸಿನ ಮೇಲೆ ಬುತ್ತಿ ಬಿಚ್ಚಿ, ಒಂದಿಷ್ಟು ಅಡ್ಡಾಗಿ ಹೋಗುವುದು ರೂಢಿ. ಅವರೆಲ್ಲರ ತುಳಿತಕ್ಕೆ ನೆಲ ಕಣದ ಹಾಗೆ ಗಟ್ಟಿಯಾಗಿ, ಹುಯ್ದ ನೀರು ಮೇಲೆಯೇ ನಿಂತು, ಹುಲ್ಲು ಕೆಂಪಗಾಗಿತ್ತು.

ಆ ವರ್ಷ ಸಾಹುಕಾರರು ಮಗಳ ನಿಶ್ಚಿತಾರ್ಥವನ್ನು ಆ ಹುಲ್ಲಿನ ಮೇಲೇ ಮಾಡುವುದೆಂದರು. "ಯುಗಾದಿ ಹೊತ್ತಿಗೆ ಹಸಿರಾಗಬೇಕು. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ. ಯಾರೂ ತುಳೀಬಾರ್ದು" ಎಂದು ಹೇಳಿ ಹೋದರು. ಕೆಲಸ ಹೋದರೆ ಕೋಣೆಯೂ ಹೋಯಿತು.

ಗಟ್ಟಿ ನೆಲದೊಳಕ್ಕೆ ನೀರು ಇಳಿಯಲೆಂದು ಯಜಮಾನರು ಹಾರೆ ಹಿಡಿದು ಗೇಣಿಗೊಂದು ತೂತು ಹಾಕುತ್ತ ಹಿಂದಕ್ಕೆ ಸರಿಯುವರು; ನಾನು ಅವರೆ ಬೀಜ ಬಿಡುವ ಹಾಗೆ ಒಂದೊಂದಕ್ಕೂ ಮರಳು, ಪುಡಿಗೊಬ್ಬರ ಉದುರಿಸುವೆ. ನೀರು ಬಿಟ್ಟರೆ ಗುಳುಗುಳು ಇಳಿಯಿತು. ಮಾದಪ್ಪ, ನಿನ್ನ ದಯೆ ಎಂದುಕೊಂಡೆ.

ಮಾರನೆಯ ದಿನವೇ ಪರಸೆ ಬಂತು. ಮುಂದಿದ್ದವಳು ಯಳಂದೂರು ಕಡೆಯ ನನ್ನ ತವರಿನ ಅತ್ತಿಗೆ. ಬರಿಗಾಲಲ್ಲಿ ಬೊಬ್ಬೆ ಎದ್ದಿದ್ದವು. ನಾನು ಗೇಟಿಗೆ ಅಡ್ಡ ನಿಂತೆ.

"ಯಾಕವ್ವ, ಮಾದಪ್ಪನ ಪರ್ಸೆಗೇ ಬಾಗ್ಲಾಕ್ಕಂಡಿದ್ದಯಾ?"

"ಉಲ್ಗೆ ತೂತಾಕಿವಿ ಅತ್ಗೆ. ತುಳುದ್ರೆ ಮುಚ್ಚೋಯ್ತವೆ. ಇವ್ರ ಕೆಲ್ಸ ಓಯ್ತದೆ."

ಅತ್ತಿಗೆ ಹಿಂದಿನವರ ಕಡೆ ತಿರುಗಿದಳು. "ಕೇಳ್ರವ್ವ, ಇವ್ಳು ಉಲ್ಗೆ ಕಿವಿ ಚುಚ್ಸವ್ಳಂತೆ! ಓಲೆ ಆಕೋಗಂಟ ನಾವು ಬೀದಿಲೇ ಕುಂತಿರ್ಬೇಕಂತೆ!"

ಎಲ್ಲರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ನೀನಾದರೂ ಕೋಣೆಗೆ ಬಾ ಎಂದೆ. "ಪರ್ಸೆ ಬಿಟ್ಟು ನಾನೊಬ್ಳೇ ಬರಕ್ಕಾದದ್ದಾ?" ಎಂದಳು. ರಸ್ತೆಯ ಧೂಳಿನಲ್ಲಿ, ಬಿಸಿಲಲ್ಲಿ ಕೂತು ಬುತ್ತಿ ಉಂಡರು. ಬಿಂದಿಗೆ ತುಂಬ ಮಜ್ಜಿಗೆ ತಂದು ಕೊಟ್ಟೆ. ಬೇರೆಯವರು ಕುಡಿದರು, ಅತ್ತಿಗೆ ತನ್ನ ಚೊಂಬಿನ ನೀರನ್ನೇ ಕುಡಿದಳು.

ಬೆಟ್ಟದಿಂದ ವಾಪಸು ಬರುವಾಗ ಅವಳು ಗೇಟಿನಾಚೆಯೇ ನಿಂತು ಕೂಗಿದಳು. ಓಡಿ ಹೋದೆ. ಗೇಟಿನ ಮೇಲಿಂದ ಕೈ ಚಾಚಿ, ಕಾಗದದಲ್ಲಿ ಕಟ್ಟಿದ ವಿಭೂತಿ ಕೊಟ್ಟಳು. "ಇಡ್ಕವ್ವ. ನಿನ್ ಉಲ್ಗೂ ಒಸಿ ಆಕು." ನಾನು ಅಗುಳಿ ತೆಗೆಯುವಷ್ಟರಲ್ಲಿ ನಡೆದುಬಿಟ್ಟಿದ್ದಳು. ಬರಿಗೈಯಲ್ಲಿ ಬಿಡಲಿಲ್ಲವಲ್ಲ, ಅದೂ ಮಾದಪ್ಪನ ಕೃಪೆಯೇ.

ಹುಲ್ಲು ಹಸಿರಾಯಿತು, ನಿಶ್ಚಿತಾರ್ಥ ಆಯಿತು, ನಾವು ಕೋಣೆಯಲ್ಲಿ ಉಳಿದೆವು. ಮರುವರ್ಷ ಪರಸೆಯವರು ಹುಲ್ಲಿನ ಮೇಲೆ ಕೂತುಕೊಳ್ಳಲಿ ಎಂದು ಸಾಹುಕಾರರೇ ಹೇಳಿದರು. ಗೇಟು ಹಾರುಹೊಡೆದು, ಮಜ್ಜಿಗೆ ಕಡೆದಿಟ್ಟುಕೊಂಡು ಕಾದೆ. ನನ್ನ ತವರೂರಿನ ಪರಸೆ ರಸ್ತೆಯ ಆ ಮಗ್ಗುಲಿಂದಲೇ, ಉಘೇ ಎನ್ನುತ್ತ ದಾಟಿಹೋಯಿತು.